ಹೊಳೆಯಾಚೆಯ ದ್ರಾಕ್ಷಿತೋಟ

ಹಗರಿಬೊಮ್ಮನಹಳ್ಳಿಯವರಿಗೆ ಹೊಳೆಯಾಚೆಯ ಕೊಪ್ಪಳ ಸೀಮೆ ಹೊಸದಲ್ಲ. ಆದರೆ ಅಲ್ಲಿ ಫ್ರೆಂಚ್ ತಳಿಯ ವೈನ್ ದ್ರಾಕ್ಷಿ ಕ್ಯಾಬರ್ನೆ ಸೋವಿನ್ಯೋಂ ಬೆಳೆಯುತ್ತದೆಂಬುದು ಹಲವರಿಗೆ ಹೊಸದು. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕೃಷ್ಮಾ ಎಸ್ಟೇಟಿನ ಬಳ್ಳಿಗಳು ಅಲ್ಲಿವೆ. ಈ ತಳಿಯ ತವರಾದ ಫ್ರಾನ್ಸಿನ ಬೋರ್ಡೋದ ವೈನ್ ಮನೆತನಗಳು 1855ರ ವೈನ್ ಶ್ರೇಣಿಪಟ್ಟಿಯನ್ನು ಇಂದಿಗೂ ಮೆರೆಸುತ್ತವೆ. ಅಂಥದೊಂದು ಮನೆತನದ ಶಾತೊ ಮೂಟೋಂ ರೋಥ್‌ಶಿಲ್ಡ್ ಆ ಪಟ್ಟಿಯ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು 1973ರಲ್ಲಿ. ಎಂಥ ಹಟ! ಕೊಪ್ಪಳದಲ್ಲಿ ಅಂಥ ವಂಶಾವಳಿಯಿಲ್ಲ. ಬಳ್ಳಿಗೆ ಚಳಿಗಾಲದ ನಿದ್ದೆಯೂ ಇಲ್ಲ. ಬೋರ್ಡೋದಲ್ಲಿ ಕೊರೆಯುವ ಚಳಿ ಮಾಡುವ ಕೆಲಸವನ್ನು ದಖ್ಖನ್ನಿನಲ್ಲಿ ಕತ್ತರಿ ಮಾಡಬೇಕು: ಬೇಸಿಗೆಯಲ್ಲೊಂದು ಚಾಟನಿ, ಮಳೆಗಾಲ ಮುಗಿಯುವಾಗ ಇನ್ನೊಂದು. ಫ್ರಾನ್ಸಿನ ಸೆಪ್ಟೆಂಬರ್ ಕೊಯ್ಲು ಇಲ್ಲಿ ಫೆಬ್ರುವರಿ-ಮಾರ್ಚಿಗೆ ಸರಿಯುತ್ತದೆ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬಿದರೆ, ಹುಳಿ ಕಾಯುವುದು ರಾತ್ರಿಯ ತಂಪು. ಇಟಲಿಯ ತಳಿ ಸ್ಯಾಂಜೊವೀಸೆಯನ್ನೂ ಚಿಗುರುಪಾಟಿ ದಂಪತಿ ಬೆಳೆಸಿದ್ದಾರೆ. ಅವರ ವೈನ್‌ಗಳಿಗೆ ಬಂದ ಪದಕಗಳಿಗಿಂತ ಆ ಎದೆಗಾರಿಕೆಯೇ ನನಗೆ ಹೆಚ್ಚು ಹಿಡಿಸಿದ್ದು.