ಬಿರುದೂ ಪಾತ್ರವೂ

ಸಾತನೂರಿನ ಸೀಮೆಗೆ ನೆರೆಯದಾದ ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮದಲ್ಲಿ 2025ನೆಯ ಜುಲೈ ತಿಂಗಳಿನಲ್ಲಿ ನಟಿ ಬಿ. ಸರೋಜಾದೇವಿಯವರ ಅಂತ್ಯಕ್ರಿಯೆಯು ನೆರವೇರಿತು. ಲೋಕವು ಅವರಿಗಿತ್ತ ಬಿರುದುಗಳು ವಿಚಾರಾರ್ಹವಾಗಿವೆ. ಕನ್ನಡಿಗರು ‘ಅಭಿನಯ ಸರಸ್ವತಿ’ಯೆಂದು ಪೂಜಿಸಿದರು, ತಮಿಳರು ಕನ್ನಡದ ಗಿಳಿಯೆಂದು ಮುದ್ದಿಸಿದರು. ಮೊದಲನೆಯದರಲ್ಲಿ ಕಲೆಯ ಹೆಸರಾದರೂ ಉಂಟು. ಎರಡನೆಯದರಲ್ಲಿ ಅದೂ ಇಲ್ಲ. ದೇವತೆಗೂ ಗಿಳಿಗೂ ನಡುವೆ, ದುಡಿದು ಕಲಿತ ಸ್ತ್ರೀಯು ಮರೆಯಾಗುತ್ತಾಳೆ.

ಆದರೆ 1961ರಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಅವರು ವಹಿಸಿದುದು, ದತ್ತಕದ ಹಕ್ಕಿಗಾಗಿ ವಾದಿಸಿ 1824ರಲ್ಲಿ ಕುಂಪಣಿಯ ಸೈನ್ಯವನ್ನೆದುರಿಸಿದ ರಾಣಿಯ ಪಾತ್ರವನ್ನು. ಅಲ್ಲಿ ಗಿಳಿಯ ಮಾತು ಸಲ್ಲದು. ಸಾಧಕಿಯರನ್ನು ಅಳೆಯಲು ಹೊರಟ ವಿಮರ್ಶಕನು ಬಿರುದನ್ನು ಬದಿಗಿಟ್ಟು ಅವರ ಕೃತಿಯನ್ನೇ ಪರಿಶೀಲಿಸತಕ್ಕದ್ದು.