ಹಬ್ಬದ ಬೇಸರಕ್ಕೂ ಒಂದು ಜಾಗ

ಎಲ್ಲರೂ ಸಂಭ್ರಮದಲ್ಲಿರುವಾಗ ತನಗೊಬ್ಬನಿಗೆ ಯಾಕೆ ಬೇಸರ? ಇದು ಪುಟ್ಟ ಹುಡುಗ ಚಾರ್ಲಿ ಬ್ರೌನ್‌ನ ಪ್ರಶ್ನೆ. ಮಕ್ಕಳ ಕಾರ್ಟೂನೊಂದು ಇಂಥ ಪ್ರಶ್ನೆಯಿಂದ ಶುರುವಾಗುವುದೇ ಅಪರೂಪ. ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ ಚಿತ್ರಪಟ್ಟಿಯಿಂದ ಹುಟ್ಟಿದ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ 1965ರ ಡಿಸೆಂಬರ್ 9ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾಯಿತು.

ಆಗಿನ ಟಿ.ವಿ. ಹಾಸ್ಯಕ್ಕೆ ಅಂಟಿಕೊಂಡಿದ್ದ ಧ್ವನಿಮುದ್ರಿತ ನಗು ಇದರಲ್ಲಿಲ್ಲ. ಪಾತ್ರಗಳಿಗೆ ದನಿಯಾದವರು ಬಹುಪಾಲು ಮಕ್ಕಳೇ. ಓದಲು ಬಾರದ ಚಿಕ್ಕವರಿಗೆ ಸಂಭಾಷಣೆಯನ್ನು ತುಣುಕು ತುಣುಕಾಗಿ ಹೇಳಿಕೊಟ್ಟು ಮುದ್ರಿಸಿಕೊಂಡರು. ಮಾತಿನ ಆ ತಡವರಿಕೆಯೇ ಈಗ ಅದರ ಸೊಗಸು. ವಿನ್ಸ್ ಗ್ವಾರಾಲ್ಡಿಯವರ ಜಾಝ್ ಪಿಯಾನೊ ಹಿಮದ ಮೇಲೆ ಜಾರುವ ಮಕ್ಕಳ ಜೊತೆ ತಾನೂ ಹಗುರಾಗಿ ಜಾರುತ್ತದೆ, ಆದರೆ ಒಳಗೊಂದು ವಿಷಾದವನ್ನು ಬಿಟ್ಟುಕೊಡುವುದಿಲ್ಲ. ನಿರ್ದೇಶಕ ಬಿಲ್ ಮೆಲೆಂಡೆಜ್, ಶುಲ್ಜ್ ಅವರ ಸರಳ ರೇಖೆಗಳಿಗೆ ಮೆರುಗು ಬಳಿಯಲು ಹೋಗಲಿಲ್ಲ. ನಾಯಿ ಸ್ನೂಪಿಗೆ ದನಿ ಕೊಟ್ಟವರೂ ಮೆಲೆಂಡೆಜ್ ಅವರೇ.

ಸದಾ ಕಂಬಳಿ ಹಿಡಿದೇ ಓಡಾಡುವ ಲೈನಸ್, ಬೈಬಲ್‌ನ ಲೂಕನ ಸುವಾರ್ತೆಯ ಸಾಲುಗಳನ್ನು ಹೇಳುತ್ತ, ‘ಹೆದರಬೇಡಿ’ ಎಂಬಲ್ಲಿಗೆ ಬಂದಾಗ ಆ ಕಂಬಳಿಯನ್ನು ಕೈಬಿಡುತ್ತಾನೆ. ಹಾಗೆ ಕೈಬಿಟ್ಟದ್ದನ್ನು ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ನೋಡುಗರ ಜಾಣತನದ ಮೇಲೆ ಅಷ್ಟು ನಂಬಿಕೆ!

ಕಾರ್ಟೂನು ತೀರಾ ನಿಧಾನ ಎಂದು ವಾಹಿನಿಯ ಅಧಿಕಾರಿಗಳು ಮೂಗು ಮುರಿದಿದ್ದರು. ಆದರೆ ಪ್ರಸಾರದ ಆ ರಾತ್ರಿ ಟಿ.ವಿ. ಮುಂದಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇದನ್ನೇ ನೋಡಿದರು. ಎಮ್ಮಿ, ಪೀಬಾಡಿ ಪ್ರಶಸ್ತಿಗಳೂ ಬಂದವು. ಕ್ರಿಸ್‌ಮಸ್ ವ್ಯಾಪಾರವಾಗಿಹೋಯಿತೆಂದು ಕೊರಗುವ ಈ ಕಥೆಯ ಪ್ರಾಯೋಜಕರು ಕೋಕಾ-ಕೋಲಾ ಎಂಬ ತಮಾಷೆಯನ್ನು ಚಾರ್ಲಿ ಬ್ರೌನ್ ಕೂಡ ನಿಟ್ಟುಸಿರಿಟ್ಟು ಒಪ್ಪಿಕೊಳ್ಳುತ್ತಿದ್ದನೇನೋ.