ಭಾಸ್ಕರನ ಬೀಜಗಣಿತದಲ್ಲಿ ಗ್ರಾಹ್ಯಾಗ್ರಾಹ್ಯ ವಿಚಾರ

ಲೆಕ್ಕವನ್ನು ಬಿಡಿಸುವುದೆಂದರೆ ತಕ್ಕ ಸೂತ್ರವನ್ನು ಹುಡುಕಿ, ಅದರಲ್ಲಿ ಸಂಖ್ಯೆಗಳನ್ನು ತುಂಬಿ, ಉತ್ತರವನ್ನು ತೆಗೆಯುವುದೆಂಬ ಭಾವನೆಯು ಕಾಲೇಜಿನ ತರಗತಿಗಳಲ್ಲಿ ಬೇರೂರಿರುವುದು ಕಂಡುಬರುತ್ತದೆ. ಆದರೆ ಸೂತ್ರವೇ ಎರಡು ಉತ್ತರಗಳನ್ನು ಮುಂದಿಟ್ಟಾಗ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದನ್ನು ಸೂತ್ರವು ಹೇಳಲಾರದು. ಅದು ಅರ್ಥವಿಚಾರದಿಂದ ನಿರ್ಣಯವಾಗಬೇಕಾದ ವಿಷಯ. ಈ ವಿಚಾರಕ್ಕೆ ಭಾಸ್ಕರಾಚಾರ್ಯನು ಕ್ರಿ. ಶ. 1150ರಲ್ಲಿ ಸಿದ್ಧಾಂತಶಿರೋಮಣಿಯ ಅಂಗವಾಗಿ ರಚಿಸಿದ ಬೀಜಗಣಿತದ ಮಧ್ಯಮಾಹರಣ ಪ್ರಕರಣವು ಉತ್ತಮ ನಿದರ್ಶನ. ವಾಕ್ಯಾರ್ಥದಲ್ಲಿ ಆಸಕ್ತಿಯುಳ್ಳ ಸಾಹಿತ್ಯಾಭ್ಯಾಸಿಗಳಿಗೂ ಅದು ಪರಿಶೀಲನಾರ್ಹವಾದುದು.

ವರ್ಗಸಮೀಕರಣದಲ್ಲಿ ಅವ್ಯಕ್ತರಾಶಿಗೆ ಎರಡು ಮಾನಗಳು ಬರುವುದು ಕೆಲವೆಡೆ ಮಾತ್ರವೇ ಎಂದು ಭಾಸ್ಕರನು ನಿಯಮಕ್ಕೆ ಒಂದು ಮಿತಿಯನ್ನು ಹಾಕಿದ್ದಾನೆ. ಆ ಮಿತಿಯ ಅರ್ಥವು ಅವನ ಮೂರು ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಸ್ಪಷ್ಟವಾಗುವುದು.

ಮೊದಲನೆಯದು ಕಪಿಗಳ ಲೆಕ್ಕ. ಒಂದು ಹಿಂಡಿನ ಎಂಟನೆಯ ಒಂದು ಪಾಲಿನ ವರ್ಗದಷ್ಟು ಕಪಿಗಳು ವನದಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ, ಒಟ್ಟು ಎಷ್ಟು? ಉತ್ತರಗಳು 48 ಮತ್ತು 16. ಮೊದಲನೆಯದರಲ್ಲಿ ವನದಲ್ಲಿರುವುವು 36, ಎರಡನೆಯದರಲ್ಲಿ 4. ಎರಡೂ ಕೂಡುತ್ತವೆ, ಎರಡೂ ಗ್ರಾಹ್ಯ.

ಎರಡನೆಯದು ನೆರಳಿನ ಲೆಕ್ಕ. 12 ಅಂಗುಲದ ಶಂಕುವಿನ ಛಾಯೆಯಿಂದ ಕರ್ಣದ ಮೂರನೆಯ ಒಂದು ಪಾಲನ್ನು ಕಳೆದರೆ 14 ಅಂಗುಲ ಉಳಿಯುತ್ತದೆ; ಛಾಯೆ ಎಷ್ಟು? ಇಲ್ಲಿ ಸಮೀಕರಣವು 22½ ಮತ್ತು 9 ಎಂಬ ಎರಡು ಮಾನಗಳನ್ನು ಕೊಡುತ್ತದೆ. 9 ಎಂಬುದು 14ಕ್ಕಿಂತ ಕಡಿಮೆಯಾದುದರಿಂದ ಭಾಸ್ಕರನು ಅದನ್ನು ಬಿಡುತ್ತಾನೆ. ಛಾಯೆ 9 ಆದರೆ ಕರ್ಣ 15, ಅದರ ಮೂರನೆಯ ಪಾಲು 5; ಕಳೆದರೆ ಉಳಿಯುವುದು 4, ಕೂಡಿದರೆ ಮಾತ್ರ 14. ಎರಡು ಕಡೆಯನ್ನೂ ವರ್ಗಮಾಡಿದಾಗ ಕಳೆಯುವುದಕ್ಕೂ ಕೂಡುವುದಕ್ಕೂ ಭೇದವು ಅಳಿದುಹೋದುದರಿಂದ ಈ ಹೊರಗಿನ ಮಾನವು ಒಳಹೊಕ್ಕಿತು. ತಾಳೆನೋಡಿದ ಮಾತ್ರಕ್ಕೆ ಇದರ ದೋಷವು ಬಯಲಾಗುತ್ತದೆ.

ಮೂರನೆಯದೇ ಸೂಕ್ಷ್ಮವಾದುದು. ಕಪಿಯೂಥದ ಐದನೆಯ ಒಂದು ಪಾಲಿನಲ್ಲಿ ಮೂರನ್ನು ಕಳೆದು ವರ್ಗಮಾಡಿದಷ್ಟು ಕಪಿಗಳು ಗುಹೆಯನ್ನು ಹೊಕ್ಕಿವೆ. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಮಾನಗಳು 50 ಮತ್ತು 5. ಭಾಸ್ಕರನು 50ನ್ನು ಹಿಡಿದು 5ನ್ನು ಬಿಡುತ್ತಾನೆ. ಆದರೆ ಇಲ್ಲಿ ತಾಳೆಯು ಸಹಾಯಕ್ಕೆ ಬರುವುದಿಲ್ಲ. ಐದರ ಐದನೆಯ ಪಾಲು 1. ಮೂರನ್ನು ಕಳೆದರೆ ಋಣ 2. ಅದರ ವರ್ಗ 4. ಕೊಂಬೆಯ ಮೇಲಿನ ಒಂದನ್ನು ಸೇರಿಸಿದರೆ ಸರಿಯಾಗಿ 5. ಸಂಖ್ಯೆಯು ಸಮೀಕರಣಕ್ಕೆ ಒಪ್ಪುತ್ತದೆ, ಕಥೆಗೆ ಒಪ್ಪುವುದಿಲ್ಲ. ಒಂದು ಕಪಿಯಿಂದ ಮೂರು ಕಪಿಗಳನ್ನು ಕಳೆಯುವುದು ಸಾಧ್ಯವಿಲ್ಲವಷ್ಟೆ.

ಇದೇ ಲೆಕ್ಕದಲ್ಲಿ ಪದಗಳನ್ನು ಹಿಂದುಮುಂದು ಮಾಡಿ, ‘ಮೂರರಲ್ಲಿ ಐದನೆಯ ಪಾಲನ್ನು ಕಳೆದು’ ಎಂದು ಓದಿದರೆ ಸಮೀಕರಣವು ಕೂದಲೆಳೆಯಷ್ಟೂ ಬದಲಾಗದು. ಆದರೆ ತೀರ್ಪು ತಲೆಕೆಳಗಾಗುತ್ತದೆ. ಆಗ 5 ಗ್ರಾಹ್ಯ, 50 ತ್ಯಾಜ್ಯ. ಆದುದರಿಂದ ಸಮೀಕರಣವು ವಾಕ್ಯದ ಪೂರ್ಣ ಪ್ರತಿನಿಧಿಯಲ್ಲ. ವಾಕ್ಯವು ಸಮೀಕರಣವಾಗುವಾಗ ಯಾವುದರಿಂದ ಯಾವುದನ್ನು ಕಳೆಯಬೇಕೆಂಬ ಅಂಶವು ಕಳೆದುಹೋಗುತ್ತದೆ. ಉತ್ತರವು ದೊರೆತ ಮೇಲೆ ಮತ್ತೆ ವಾಕ್ಯದ ಬಳಿಗೆ ಹೋಗಿ ಅದನ್ನು ತರಬೇಕು. ಶಾಬ್ದಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ಬೆಂಕಿಯಿಂದ ತೋಯಿಸುತ್ತಾನೆ ಎಂಬ ವಾಕ್ಯವು ವ್ಯಾಕರಣಶುದ್ಧವಾದರೂ ಅದಕ್ಕೆ ಯೋಗ್ಯತೆಯಿಲ್ಲ. ಐದು ಕಪಿಗಳ ಉತ್ತರವೂ ಅಂತಹುದೇ. ಗಣಿತಶುದ್ಧ, ಆದರೆ ಯೋಗ್ಯತಾಹೀನ.

ಭಾಸ್ಕರನ ತೀರ್ಪು ನಿರ್ದುಷ್ಟವಾದುದು. ಅವನು ಕೊಟ್ಟ ಕಾರಣವನ್ನು ಮಾತ್ರ ವಿಮರ್ಶಿಸಬೇಕಾಗಿದೆ. ವ್ಯಕ್ತರಾಶಿಯು ಋಣವಾದರೆ ಅದು ಲೋಕದ ಪ್ರತೀತಿಗೆ ಬಾರದು ಎಂಬುದು ಅವನ ಸಮಾಧಾನ. ಭೌತಶಾಸ್ತ್ರದ ಒಂದು ಸಾಮಾನ್ಯ ಲೆಕ್ಕವು ಈ ಸಮಾಧಾನದ ಸಂಕೋಚವನ್ನು ತೋರಿಸುತ್ತದೆ. 40 ಮೀಟರ್ ಎತ್ತರದ ಗೋಪುರದಿಂದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮೇಲಕ್ಕೆಸೆದ ಕಲ್ಲು ಎಷ್ಟು ಹೊತ್ತಿಗೆ ನೆಲವನ್ನು ಮುಟ್ಟುತ್ತದೆ? ಗುರುತ್ವದ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ 4 ಸೆಕೆಂಡು ಮತ್ತು ಋಣ 2 ಸೆಕೆಂಡು ಎಂಬ ಮಾನಗಳು ಬರುತ್ತವೆ. ಋಣ 2 ಎಂಬುದು ಅರ್ಥಶೂನ್ಯವಲ್ಲ: ಎರಡು ಸೆಕೆಂಡಿಗೆ ಮೊದಲು ನೆಲದಿಂದಲೇ 30 ಮೀಟರ್ ವೇಗದಲ್ಲಿ ಎಸೆದ ಕಲ್ಲು ಸರಿಯಾಗಿ ಅದೇ ಕ್ಷಣದಲ್ಲಿ, ಅದೇ ವೇಗದಿಂದ ಗೋಪುರದ ತುದಿಯನ್ನು ದಾಟುತ್ತಿತ್ತು. ಅದನ್ನು ಬಿಡುವುದು ಋಣವೆಂಬ ಕಾರಣಕ್ಕಲ್ಲ. ಪ್ರಶ್ನೆಯ ಕಥೆಯು ಎಸೆದ ಕ್ಷಣದಿಂದ ಮೊದಲಾಗುವುದೆಂಬ ಕಾರಣಕ್ಕೆ. ಲೋಕಪ್ರತೀತಿಗಿಂತ ಪ್ರಕರಣವೇ ಇಲ್ಲಿ ಬಲವತ್ತರವಾದ ಪ್ರಮಾಣ.

ಇಷ್ಟರಿಂದ ಯೋಗ್ಯತಾವಿಚಾರವು ಕೊನೆಯಲ್ಲಿ ಮಾಡತಕ್ಕ ಕೆಲಸವೆಂದು ತೋರಬಹುದು. ರಸಾಯನಶಾಸ್ತ್ರದ ಒಂದು ಪ್ರಸಿದ್ಧ ಲೆಕ್ಕವು ಆ ಭ್ರಮೆಯನ್ನು ಹೋಗಲಾಡಿಸುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಮೋಲಿನ ಹತ್ತು ಕೋಟಿಯ ಒಂದು ಪಾಲಿನಷ್ಟು ಹೈಡ್ರೋಕ್ಲೋರಿಕ್ ಆಮ್ಲವಿದ್ದರೆ ದ್ರಾವಣದ ಪಿಎಚ್ ಎಷ್ಟು? ಸೂತ್ರವನ್ನು ನೇರವಾಗಿ ಹಚ್ಚಿದರೆ 8 ಎಂದು ಬರುತ್ತದೆ. ಎಂದರೆ ನೀರಿಗೆ ಆಮ್ಲವನ್ನು ಬೆರಸಿ ಕ್ಷಾರವನ್ನು ಪಡೆದಂತಾಯಿತು! ಗುಣಾಕಾರದಲ್ಲಿ ತಪ್ಪಿಲ್ಲ. ನೀರು ತಾನೇ ಕೊಡುವ ಹೈಡ್ರೊಜನ್ ಅಯಾನುಗಳನ್ನು ಲೆಕ್ಕಕ್ಕೆ ಹಿಡಿಯದೆ ಇದ್ದುದೇ ತಪ್ಪು. ಆಮ್ಲವು ಗಾಢವಾಗಿದ್ದಾಗ ಅವನ್ನು ಉಪೇಕ್ಷಿಸಬಹುದು. ಇಲ್ಲಿ ಆಮ್ಲಕ್ಕಿಂತ ನೀರಿನ ಪಾಲೇ ಹೆಚ್ಚು. ಅದನ್ನೂ ಸೇರಿಸಿದರೆ 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಉತ್ತರವು ಸುಮಾರು 6.98 ಆಗುತ್ತದೆ. ಇಲ್ಲಿ ಯೋಗ್ಯತೆಯು ತಪ್ಪಿದುದು ಸಮೀಕರಣವನ್ನು ಬರೆಯುವುದಕ್ಕೆ ಮೊದಲೇ.

ಜಾರ್ಜ್ ಪೋಲ್ಯನು 1945ರಲ್ಲಿ ಪ್ರಕಟಿಸಿದ, ಲೆಕ್ಕ ಬಿಡಿಸುವ ಬಗೆಯನ್ನು ಕುರಿತ ಗ್ರಂಥದಲ್ಲಿ ನಾಲ್ಕು ಹಂತಗಳನ್ನು ಹೇಳಿದ್ದಾನೆ: ಪ್ರಶ್ನೆಯನ್ನು ಗ್ರಹಿಸುವುದು, ಉಪಾಯವನ್ನು ಕಲ್ಪಿಸುವುದು, ಅದನ್ನು ನಡೆಸುವುದು, ಹಿಂದಿರುಗಿ ನೋಡುವುದು. ಕೊನೆಯದನ್ನು ಜಾಣ ವಿದ್ಯಾರ್ಥಿಗಳೂ ಬಿಟ್ಟುಬಿಡುವರೆಂಬ ಅವನ ಆಕ್ಷೇಪವು ಯಥಾರ್ಥವಾದುದು. ಮೇಲಣ ಉದಾಹರಣೆಗಳಿಂದ ಹೊಳೆಯುವುದೇನೆಂದರೆ, ಮೊದಲನೆಯ ಮತ್ತು ನಾಲ್ಕನೆಯ ಹಂತಗಳು ವಸ್ತುತಃ ಒಂದೇ ವಾಕ್ಯದ ಎರಡು ಸಲದ ಓದು. ನಡುವಿನ ಎರಡು ಹಂತಗಳಿಗೆ ಮಾತ್ರ ಅಂಕಗಳನ್ನು ಕೊಡುವ ಪರೀಕ್ಷಾಪದ್ಧತಿಯು ಈ ಓದನ್ನು ಕಲಿಸಲಾರದು.

ಭಾಸ್ಕರನು ಹಂತಗಳನ್ನು ಎಣಿಸಿ ಹೇಳಲಿಲ್ಲ. ಅವನ ಕಾರಣವೂ ಮೊಟಕಾದುದು. ಆದರೂ ಎರಡು ಮಾನಗಳೂ ನಿಲ್ಲುವ ಲೆಕ್ಕ, ತಾಳೆಯಲ್ಲಿ ಒಂದು ಬೀಳುವ ಲೆಕ್ಕ, ತಾಳೆಯಲ್ಲಿ ನಿಂತೂ ಅರ್ಥದಲ್ಲಿ ಬೀಳುವ ಲೆಕ್ಕ ಎಂಬ ಮೂರು ಬಗೆಗಳನ್ನೂ ಒಂದೇ ಪ್ರಕರಣದಲ್ಲಿ ಒದಗಿಸಿ, ವಿವೇಚನೆಯ ಭಾರವನ್ನು ಓದುಗನ ಮೇಲಿರಿಸಿದ್ದಾನೆ. ಕಪಿಗಳ ಪದ್ಯಗಳನ್ನು ಶುಷ್ಕಶಾಸ್ತ್ರಕ್ಕೆ ಹಚ್ಚಿದ ಅಲಂಕಾರವೆಂದು ಕಾಣುವುದು ಸಲ್ಲದು. ಆ ಕಥೆಯಿಲ್ಲದಿದ್ದರೆ 5ನ್ನು ಬಿಡುವುದಕ್ಕೆ ಯಾವ ಆಧಾರವೂ ಇರುತ್ತಿರಲಿಲ್ಲ.